ಪಕ್ಕದ ಮನೆಯ ಡಬ್ಬಿ, ನಮ್ಮ ಬಚ್ಚಲ ನೀರು

ಬಚ್ಚಲಲ್ಲಿ ನೀರು ನಿಂತರೆ ಮನೆಗೆ ದರಿದ್ರ ಎನ್ನುತ್ತಿದ್ದಳು ನನ್ನ ಹೆಂಡತಿ. ಅವಳಿರುವ ತನಕ ನಿಲ್ಲಲಿಲ್ಲ. ಅವಳು ತೀರಿಕೊಂಡ ಮೇಲೆ ನಿಂತಿತು. ದರಿದ್ರ ಮೊದಲು ಬಂತೋ ನೀರು ಮೊದಲು ನಿಂತಿತೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಎರಡೂ ಬಂದು ಕೂತಿದ್ದಂತೂ ನಿಜ.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದವರ ಬೀದಿ. ಮುಂದಿನ ಕೋಣೆಯಲ್ಲಿ ಎರಡು ಪವರ್‌ಲೂಮ್, ಅದರ ಹಿಂದೆ ಮಲಗುವಷ್ಟು ಜಾಗ, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು. ಕರೆಂಟ್ ಇರುವಷ್ಟು ಹೊತ್ತೂ ಬೀದಿಯೆಲ್ಲ ಲಟಪಟ ಲಟಪಟ. ಈ ಸದ್ದಿನಲ್ಲಿ ಬೆಳೆದವರಿಗೆ ಕಿವಿ ಅರ್ಧ, ಗಂಟಲು ಎರಡರಷ್ಟು. ಹೊರಗಿನವರು ನಮ್ಮನ್ನು ಜಗಳಗಂಟರು ಎಂದುಕೊಳ್ಳುತ್ತಾರೆ. ನಾನು ನಿಜವಾಗಿಯೂ ಜಗಳಗಂಟ, ಆ ಮಾತು ಬೇರೆ. ಆದರೆ ಮನೆಯೊಳಗೆ ನಾನೂ ಅವಳೂ ಕೂಗಾಡಿದ್ದು ಕಡಿಮೆ. ನಮ್ಮದೆಲ್ಲ ಕೈಸನ್ನೆ. ಅಂಗೈ ಬಾಯಿಗೆ ತಂದರೆ ಊಟ, ಬೆರಳು ತಿರುಗಿಸಿದರೆ ನಲ್ಲಿಯಲ್ಲಿ ನೀರು ಬಂತು, ಕಿವಿ ಹಿಡಿದುಕೊಂಡರೆ ಮಗಳ ಫೋನು. ಹಣೆಗೆ ಕೈ ಹಚ್ಚಿಕೊಂಡರೆ ನನ್ನ ಜೊತೆ ಬಾಳಿ ಸಾಕಾಯಿತು ಎಂದರ್ಥ. ಅದನ್ನು ಅವಳು ದಿನಕ್ಕೊಮ್ಮೆಯಾದರೂ ಮಾಡುತ್ತಿದ್ದಳು. ಈಗ ಮಗ್ಗದ ಮುಂದೆ ನಿಂತು ಹಿಂತಿರುಗಿ ನೋಡಿದರೆ ಅಡುಗೆಮನೆಯ ಬಾಗಿಲಲ್ಲಿ ಸನ್ನೆ ಮಾಡುವವರು ಯಾರೂ ಇಲ್ಲ. ಆದರೂ ಹೊತ್ತುಹೊತ್ತಿಗೆ ಕತ್ತು ತಾನೇ ತಿರುಗುತ್ತದೆ.

ವಾಷಿಂಗ್ ಮೆಷಿನ್ ಅವಳದು. ಸೊಂಟ ನೋವು ಎಂದು ಹಟ ಹಿಡಿದು ತರಿಸಿ, ಬಚ್ಚಲ ಮೂಲೆಯಲ್ಲಿ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿದ್ದಳು. ಆಯುಧಪೂಜೆಗೆ ನನ್ನ ಮಗ್ಗಕ್ಕೆ ಕಟ್ಟಿದಷ್ಟೇ ಉದ್ದದ ಹೂವನ್ನು ಅದಕ್ಕೂ ಕಟ್ಟುತ್ತಿದ್ದಳು. ಅವಳಿದ್ದಾಗ ನಾನು ಅದರ ಒಂದು ಗುಂಡಿಯನ್ನೂ ಒತ್ತಿದವನಲ್ಲ. ಹನ್ನೊಂದನೆಯ ದಿನದ ಕಾರ್ಯ ಮುಗಿದು ಬಂಧುಗಳೆಲ್ಲ ಹೊರಟ ಮೇಲೆ ಮಗಳು ಹೊಸಕೋಟೆಗೆ ಹೋಗುವ ಮೊದಲು ನನ್ನನ್ನು ಅದರ ಮುಂದೆ ನಿಲ್ಲಿಸಿ ಪಾಠ ಹೇಳಿದಳು. "ಇಲ್ಲಿ ಪುಡಿ ಹಾಕು, ಇದನ್ನ ಒತ್ತು, ಮುಚ್ಚಳ ಮುಚ್ಚು, ಅಷ್ಟೇ ಅಪ್ಪ. ಅದೇ ನೀರು ತಗೊಳ್ತದೆ, ಅದೇ ಬಿಡ್ತದೆ." ಮಕ್ಕಳಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದಳು. ನಾನು ಮಗುವಿನ ಹಾಗೆ ತಲೆಯಾಡಿಸಿದೆ.

ಮಗಳು ಊರಿಗೆ ಹೋದ ಮೇಲೆ ನನಗೆ ಮನೆ ಚೊಕ್ಕ ಮಾಡುವ ಹುಚ್ಚು ಹಿಡಿಯಿತು. ದುಃಖವೋ ಸಿಟ್ಟೋ, ಏನೋ ಒಂದು ಕೈಯಲ್ಲಿ ಕೂತು ಗುಡಿಸುವಂತೆ, ಒರೆಸುವಂತೆ ಮಾಡಿತು. ಮೆಷಿನ್ನಿನ ನೀರು ಹೊರಬಿಡುವ ಪೈಪಿನ ತುದಿಗೆ ಏನೋ ಕಪ್ಪಗೆ ಕಟ್ಟಿಕೊಂಡಿತ್ತು. ಬಿಚ್ಚಿ ನೋಡಿದರೆ ಒಂದು ಕಾಲುಚೀಲ. ಕೊಳೆ ಮೆತ್ತಿ, ನಾರು ತುಂಬಿ ಸತ್ತ ಹೆಗ್ಗಣದಂತೆ ಜೋತುಬಿದ್ದಿತ್ತು. ನಮ್ಮ ಮನೆಯಲ್ಲಿ ಕಾಲುಚೀಲ ಹಾಕುವವರು ಯಾರೂ ಇಲ್ಲ. ನಾನು ಹುಟ್ಟಿದಾಗಿನಿಂದ ಚಪ್ಪಲಿಯವನು. ಇದು ಯಾರದಪ್ಪಾ ಎಂದು ಒಂದು ಕ್ಷಣ ಯೋಚಿಸಿ, ಮೂಗು ಮುಚ್ಚಿಕೊಂಡು ಕಸದ ಗಾಡಿಗೆ ಎಸೆದೆ. ಎಂಥ ಚೊಕ್ಕ ಕೆಲಸ ಮಾಡಿದೆ ಎಂದು ಹೆಮ್ಮೆಯೂ ಆಯಿತು.

ಅದೇ ವಾರ ಪಕ್ಕದ ಮನೆಯಿಂದ ಡಬ್ಬಿ ಬಂತು.

ಪಕ್ಕದ ಮನೆಯವರು ದಖನಿ ಮಾತಾಡುವ ಮುಸ್ಲಿಮರು. ಗಂಡನಿಗೆ ಪೇಟೆಯಲ್ಲಿ ಕಟ್‌ಪೀಸ್ ಬಟ್ಟೆಯ ಅಂಗಡಿ, ಹೆಂಡತಿ ಮನೆಯಲ್ಲಿ, ಒಬ್ಬಳೇ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ನಮ್ಮಪ್ಪನ ಕಾಲದಲ್ಲಿ ಒಬ್ಬನೇ ಮೇಸ್ತ್ರಿ ಎರಡೂ ಮನೆ ಕಟ್ಟಿದ್ದರಿಂದ ಗೋಡೆಗೆ ಗೋಡೆ ಅಂಟಿಕೊಂಡಿದೆ. ಹಿತ್ತಲಲ್ಲಿ ಎದೆಮಟ್ಟದ ಒಂದು ಗೋಡೆ. ಆ ಗೋಡೆಯ ಮೇಲೆ ಮೊಣಕೈ ಊರಿಕೊಂಡು ನನ್ನ ಹೆಂಡತಿಯೂ ಆ ಹೆಣ್ಣುಮಗಳೂ ಇಪ್ಪತ್ತು ವರ್ಷ ಮಾತಾಡಿದ್ದಾರೆ. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಮಾತಿಗಿಂತ ಹೆಚ್ಚಾಗಿ ಆ ಗೋಡೆ ದಾಟುತ್ತಿದ್ದದ್ದು ಒಂದು ಸ್ಟೀಲ್ ಡಬ್ಬಿ. ಮುಚ್ಚಳದ ಮೇಲೆ ಅವರ ಮದುವೆಯ ತಾರೀಖು ಕೊರೆಸಿತ್ತು. ಅಲ್ಲಿಂದ ಶ್ಯಾವಿಗೆ ಪಾಯಸ ಬರುತ್ತಿತ್ತು, ಇಲ್ಲಿಂದ ಹೋಳಿಗೆ ಹೋಗುತ್ತಿತ್ತು. ನಮ್ಮದು ಮಾಂಸ ತಿನ್ನದ ಮನೆ ಎಂದು ಅವರಿಗೆ ಗೊತ್ತು. ಅದಕ್ಕೆ ತಕ್ಕದ್ದನ್ನೇ ಕಳಿಸುತ್ತಿದ್ದರು.

ಆ ದಿನ ಡಬ್ಬಿಯಲ್ಲಿ ಟೊಮೇಟೊ ಬಾತ್ ಇತ್ತು. ಆಕೆ ಗೋಡೆಯ ಮೇಲೆ ಇಟ್ಟು, "ಅಣ್ಣ, ಊಟ ಬಿಡ್ಬೇಡಿ" ಎಂದಷ್ಟೇ ಹೇಳಿ ಒಳಗೆ ಹೋದರು. ನಾನು ಮಗ್ಗದ ಪಕ್ಕ ನೆಲದ ಮೇಲೆ ಕೂತು ಎಲ್ಲವನ್ನೂ ತಿಂದೆ. ತಿನ್ನುತ್ತಾ ಅತ್ತೆ. ಸಾವಿನ ಮನೆಯಲ್ಲಿ ನಾಲ್ಕು ಜನರೆದುರು ಬರದ ಅಳು ಟೊಮೇಟೊ ಬಾತಿಗೆ ಬಂತು.

ಡಬ್ಬಿ ತೊಳೆದು ಬೋರಲು ಹಾಕಿದೆ. ವಾಪಸು ಕೊಡಬೇಕು. ಆದರೆ ಕೊಟ್ಟವರ ಮನೆಗೆ ಪಾತ್ರೆ ಖಾಲಿ ಹೋಗಬಾರದು. ಇದು ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು. ಬಾಳೆಹಣ್ಣು ಹಾಕಿ ಕೊಡೋಣವೆಂದರೆ ಅದಕ್ಕೂ ಅವಳದೊಂದು ಕಾನೂನಿತ್ತು: ಅಂಗಡಿಯ ಸಾಮಾನು ಹಾಕಿ ಕೊಟ್ಟರೆ ಲೆಕ್ಕ ಚುಕ್ತಾ ಮಾಡಿದ ಹಾಗೆ, ಮನೆಯಲ್ಲಿ ಮಾಡಿದ್ದು ಹಾಕಬೇಕು. ಮನೆಯಲ್ಲಿ ಮಾಡುವವನು ಈಗ ನಾನು. ನನಗೆ ಬರುವುದು ಉಪ್ಪಿಟ್ಟು ಒಂದೇ. ಅದು ನನಗೇ ಇಳಿಯುವುದಿಲ್ಲ. ಒಂದು ದಿನ ಮಗಳನ್ನು ಫೋನಿನಲ್ಲಿ ಕೇಳಿಕೊಂಡು ರವೆ ಉಂಡೆ ಕಟ್ಟಿದೆ. ಮೊದಲು ನಿಲ್ಲದೆ ಉದುರಿದವು. ಹಾಲು ಜಾಸ್ತಿ ಚಿಮುಕಿಸಿ ಮತ್ತೆ ಕಟ್ಟಿದರೆ, ಆರಿದ ಮೇಲೆ ಗೋಡೆಗೆ ಹೊಡೆದರೆ ಸುಣ್ಣ ಉದುರಬೇಕು, ಹಾಗಾದವು. ಆಮೇಲೆ ಹಬ್ಬ ಬಂತು. ಇಷ್ಟು ತಡ ಮಾಡಿದ ಮೇಲೆ ಸುಮ್ಮನೆ ಏನೋ ಒಂದು ಹಾಕಿ ಕೊಡುವುದು ಹೇಗೆ, ಯುಗಾದಿಗೆ ಒಬ್ಬಟ್ಟೇ ಹಾಕಿ ಕೊಡೋಣ ಎಂದುಕೊಂಡೆ. ಒಬ್ಬಟ್ಟು ಯಾರು ಮಾಡಬೇಕು? ಯುಗಾದಿಯೂ ಹೋಯಿತು. ತಡವಾದಷ್ಟೂ ಆ ಡಬ್ಬಿ ದೊಡ್ಡದಾಗುತ್ತಾ ಹೋಯಿತು.

ಅತ್ತ ಕಡೆಯಿಂದಲೂ ಮತ್ತೆ ಏನೂ ಬರಲಿಲ್ಲ. ರಂಜಾನ್ ಬಂತು, ಹೋಯಿತು. ಪ್ರತಿ ವರ್ಷ ಗೋಡೆ ದಾಟಿ ಬರುತ್ತಿದ್ದ ಪಾಯಸ ಬರಲಿಲ್ಲ. ಸರಿ, ಡಬ್ಬಿ ನುಂಗಿ ಕೂತವನ ಮನೆಗೆ ಯಾರು ತಾನೇ ಕಳಿಸುತ್ತಾರೆ ಎಂದುಕೊಂಡೆ. ಹಿತ್ತಲಿಗೆ ಹೋಗುವುದನ್ನೇ ಕಡಿಮೆ ಮಾಡಿದೆ. ಆಕೆ ಗೋಡೆಯ ಬಳಿ ಕಂಡರೆ ಒಳಗೆ ಬಂದು ಮಗ್ಗ ಹಾಕಿಬಿಡುತ್ತಿದ್ದೆ. ಆಕೆಯ ಗಂಡ ಬೀದಿಯಲ್ಲಿ ಸಿಕ್ಕರೆ "ಚೆನ್ನಾಗಿದೀರಾ ಅಣ್ಣ?" ಎನ್ನುತ್ತಿದ್ದರು, ನಾನು "ಹೂಂ" ಎಂದು ಬಿರಬಿರನೆ ನಡೆಯುತ್ತಿದ್ದೆ. ವರ್ಷದ ತಿಥಿಯನ್ನು ಹೊಸಕೋಟೆಯಲ್ಲಿ ಮಗಳ ಮನೆಯಲ್ಲೇ ಮಾಡಿದ್ದರಿಂದ ಕರೆಯುವ ಸಂದರ್ಭವೂ ಬರಲಿಲ್ಲ.

ಆಗ ನನಗೆ ಒಂದು ವಿಷಯ ಗೊತ್ತಾಯಿತು. ನಮ್ಮ ಮನೆಗೆ ಜನ ಬರುತ್ತಿದ್ದದ್ದು ಅವಳಿಗಾಗಿ. ನನ್ನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ, ನನ್ನ ಹತ್ತಿರ ಯಾರಿಗೂ ಕೆಲಸವಿರಲಿಲ್ಲ, ಅಷ್ಟೇ. ಬೀದಿಯಲ್ಲಿ ಉಳಿದಿದ್ದ ಒಂದೇ ಒಂದು ಬಾಗಿಲು ಪಕ್ಕದ ಮನೆಯದು. ಅದು ನನಗೆ ಮುಚ್ಚಿದೆಯೋ ತೆರೆದಿದೆಯೋ ಎಂದು ತಳ್ಳಿ ನೋಡುವ ಧೈರ್ಯ ನನಗಿರಲಿಲ್ಲ. ಮುಚ್ಚಿದ್ದರೆ ಆಮೇಲೆ ಎಲ್ಲಿಗೆ ಹೋಗಲಿ?

ಇದರ ನಡುವೆ ಬಚ್ಚಲು ಕಟ್ಟಿಕೊಂಡಿತು.

ಮೊದಲು ನೀರು ನಿಧಾನವಾಯಿತು. ಮೆಷಿನ್ ನೀರು ಬಿಟ್ಟಾಗ ಮೂಲೆಯ ಜಾಲರಿಯ ಸುತ್ತ ಒಂದಂಗುಲ ನಿಂತು, ಗೊಣಗುತ್ತಾ ಇಳಿಯುತ್ತಿತ್ತು. ನಾನು ಜಾಲರಿ ತೆಗೆದು ಉಜ್ಜಿದೆ. ಒಂದು ವಾರ ಸರಿಹೋಯಿತು. ಆಮೇಲೆ ಹಿಮ್ಮಡಿ ಮುಳುಗುವಷ್ಟು ನಿಂತಿತು. ಕುದಿಯುವ ನೀರು ಸುರಿದೆ. ಮಗಳು ವಿಡಿಯೋ ಕಳಿಸಿದಳು: ಅಡುಗೆ ಸೋಡ ಹಾಕಿ ಮೇಲೆ ವಿನೆಗರ್ ಸುರಿಯಬೇಕಂತೆ. ಸುರಿದೆ. ಬುಸ್ಸೆಂದು ನೊರೆ ಬಂತು, ನೋಡಲು ಚೆನ್ನಾಗಿತ್ತು, ನೀರು ಇದ್ದಲ್ಲೇ ಇತ್ತು. ಬಿದಿರಿನ ದಬ್ಬೆ ತೂರಿಸಿದೆ. ಎಲ್ಲೋ ದೂರದಲ್ಲಿ ಮೆತ್ತಗಿನದಕ್ಕೆ ತಗಲಿ ನಿಂತಿತು. ಪ್ಲಂಬರ್‌ಗೆ ಫೋನು ಮಾಡಿದರೆ, "ನಾಳೆ ಬೆಳಿಗ್ಗೆ ಬಂದ್ಬಿಡ್ತೀನಿ ಯಜಮಾನ್ರೇ" ಎಂದ. ಅವನ ನಾಳೆ ಇನ್ನೂ ಬಂದಿಲ್ಲ. ನಾನು ಬೈದೆ. ಬೈದ ಮೇಲೆ ಅವನು ಫೋನ್ ಎತ್ತುವುದನ್ನೇ ಬಿಟ್ಟ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಪೈಪು ಎಲ್ಲಿ ಕಟ್ಟಿಕೊಂಡಿದೆ ಎಂದು ನನಗೆ ಗೊತ್ತಿತ್ತು. ಎರಡೂ ಮನೆಯ ಬಚ್ಚಲ ನೀರು ಹಿತ್ತಲಲ್ಲಿ ಒಂದೇ ಚೇಂಬರಿಗೆ ಬೀಳುತ್ತದೆ, ಅಲ್ಲಿಂದ ಬೀದಿಯ ಚರಂಡಿಗೆ. ಆ ಚೇಂಬರಿನ ಚಪ್ಪಡಿ ಇರುವುದು ಗೋಡೆಯ ಆ ಕಡೆ, ಅವರ ಹಿತ್ತಲಲ್ಲಿ. ಚಪ್ಪಡಿ ಎತ್ತಿ ನಮ್ಮ ಪೈಪಿನ ಬಾಯಿಗೆ ಕೈ ಹಾಕಿದರೆ ಮುಗಿಯಿತು. ಆದರೆ ಚಪ್ಪಡಿ ಎತ್ತಬೇಕಾದರೆ ಅವರ ಮನೆಗೆ ಹೋಗಬೇಕು. ಅವರ ಮನೆಗೆ ಹೋಗಬೇಕಾದರೆ ಡಬ್ಬಿ ಕೊಡಬೇಕು. ಡಬ್ಬಿಯನ್ನು ಖಾಲಿ ಕೊಡುವಂತಿಲ್ಲ.

ಹೀಗಾಗಿ ಮೆಷಿನ್ನಿಗೆ ನಾನು ಆಳಾದೆ. ಬಟ್ಟೆ ಹಾಕಿ ಬಚ್ಚಲ ಹೊಸ್ತಿಲ ಮೇಲೆ ಕೂರುವುದು, ಅದು ನೀರು ಬಿಡಲು ಶುರುಮಾಡಿದ ಕೂಡಲೇ ನೋಡುವುದು, ಹೊಸ್ತಿಲಿಗೆ ಬರುವ ಮೊದಲು ಗುಂಡಿ ಒತ್ತಿ ನಿಲ್ಲಿಸುವುದು, ಇಳಿಯುವ ತನಕ ಕಾಯುವುದು, ಮತ್ತೆ ಒತ್ತುವುದು. ಎರಡು ಲುಂಗಿ, ಎರಡು ಬನಿಯನ್ ಒಗೆಯಲು ಅರ್ಧ ಬೆಳಿಗ್ಗೆ. ಕೈಯಲ್ಲೇ ಒಗೆಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಕೇಳುವವರು ಯಾರೂ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಹೊಸ್ತಿಲ ಮೇಲೆ ಕೂರುವುದು ನನಗೆ ಬೇಡವಾಗಿರಲಿಲ್ಲ. ನಮ್ಮ ಮನೆಯಲ್ಲಿ ನನ್ನ ಮೇಲೆ ಕಣ್ಣಿಡುವವರು ಇರಲಿಲ್ಲವಾದರೂ, ನಾನು ಕಣ್ಣಿಡಬೇಕಾದ್ದು ಒಂದಾದರೂ ಇತ್ತು.

ಒಂದು ಬೆಳಿಗ್ಗೆ ಹೊದಿಕೆ ಹಾಕಿದೆ. ದಪ್ಪ ಹೊದಿಕೆ, ನೀರು ಬಹಳ ಕುಡಿಯುವಂಥದ್ದು. ಹೊಸ್ತಿಲ ಮೇಲೆ ಕೂತಿದ್ದೆ. ಅಷ್ಟರಲ್ಲಿ ಮುಂದಿನ ಕೋಣೆಯಲ್ಲಿ ಮಗ್ಗದ ಸದ್ದು ಬದಲಾಯಿತು. ಎಳೆ ಕಡಿದಿದೆ. ನೇಯುವವನಿಗೆ ಮಗು ಅತ್ತದ್ದು ಕೇಳಿಸದಿದ್ದರೂ ಎಳೆ ಕಡಿದದ್ದು ಕೇಳಿಸುತ್ತದೆ. ಎದ್ದು ಹೋದೆ. ಒಂದು ಎಳೆ ಜೋಡಿಸುವುದರೊಳಗೆ ಇನ್ನೊಂದು ಕಡೆ ಹತ್ತಾರು ಎಳೆ ಸಿಕ್ಕು. ಕಡಿದ ಎಳೆಯ ತುದಿ ಕತ್ತರಿಸುವುದು, ಬನಿಯನ್ನಿಗೆ ಅಂಟಿಸಿಕೊಳ್ಳುವುದು, ಗಂಟು ಹಾಕುವುದು, ಮತ್ತೆ ಕತ್ತರಿಸುವುದು. ಕೆಳಗೆ ಬಿಸಾಡಿದರೆ ಮಗ್ಗಕ್ಕೆ ಸುತ್ತಿಕೊಳ್ಳುತ್ತದೆಂದು ಮೈಗೆ ಅಂಟಿಸಿಕೊಳ್ಳುವುದು ನಮ್ಮವರ ರೂಢಿ. ಸಂಜೆಗೆ ನಮ್ಮ ಬನಿಯನ್ ಬಣ್ಣಬಣ್ಣದ ಹುಲ್ಲು ಬೆಳೆದಂತಾಗುತ್ತದೆ. ಒಗೆಯುವ ಮುಂಚೆ ಅವಳು ಅದನ್ನೆಲ್ಲ ಒಂದೊಂದಾಗಿ ಕಿತ್ತು, ನನ್ನನ್ನೂ ನನ್ನ ವಂಶವನ್ನೂ ಸೇರಿಸಿ ಬೈಯುತ್ತಿದ್ದಳು. ನಾನು ಕೀಳುತ್ತಿರಲಿಲ್ಲ. ಹಾಗೇ ಮೆಷಿನ್ನಿಗೆ ಹಾಕುತ್ತಿದ್ದೆ.

ಎಳೆ ಜೋಡಿಸಿ ಮಗ್ಗ ಹಾಕಿದೆ. ಮೆಷಿನ್ ಮರೆತೇಹೋಯಿತು. ಎಷ್ಟು ಹೊತ್ತಾಯಿತೋ, ಕಾಲಿಗೆ ತಣ್ಣಗೆ ತಗಲಿತು. ನೋಡಿದರೆ ಅಡುಗೆಮನೆ ದಾಟಿ ಸೋಪಿನ ನೀರು ಮಗ್ಗದ ಕೆಳಗೆ ಬಂದಿದೆ. ನೂಲಿನ ಬುಟ್ಟಿ ಎತ್ತಿ ಮೇಲಿಡುವಷ್ಟರಲ್ಲಿ ಕರೆಂಟ್ ಹೋಯಿತು. ನಮ್ಮ ಮಗ್ಗ ನಿಂತಿತು, ಎದುರು ಮನೆಯದು ನಿಂತಿತು, ಇಡೀ ಬೀದಿ ನಿಂತಿತು. ಆ ನಿಶ್ಶಬ್ದದಲ್ಲಿ ಹಿತ್ತಲಿನಿಂದ ದನಿ ಕೇಳಿಸಿತು.

"ಅಣ್ಣಾ! ಅಣ್ಣಾ! ನೀರು!"

ಓಡಿದೆ. ಹಿತ್ತಲ ಬಾಗಿಲಿನಿಂದ ನೀರು ಹರಿದು, ಗೋಡೆಯ ಬುಡದಲ್ಲಿ ಮಳೆನೀರಿಗೆಂದು ಬಿಟ್ಟ ಕಂಡಿಯಲ್ಲಿ ನುಗ್ಗಿ ಅವರ ಹಿತ್ತಲಿಗೆ ಹೋಗಿತ್ತು. ಆಕೆ ಅಲ್ಲಿ ಒಣಹಾಕಿದ್ದ ಮೆಣಸಿನಕಾಯಿ ನೊರೆಯಲ್ಲಿ ತೇಲುತ್ತಿದ್ದವು. ಗೋಡೆಯ ಆಚೆ ದುಪಟ್ಟಾ ತಲೆಗೆ ಬಿಗಿದುಕೊಂಡು, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದರು.

"ಎಷ್ಟ್ ಹೊತ್ತಿಂದ ಕೂಗ್ತಾ ಇದೀನಿ ಅಣ್ಣ! ಕೇಳ್ಸಲ್ವಾ?"

"ಮಗ್ಗ ಓಡ್ತಿತ್ತಮ್ಮ," ಎಂದೆ.

"ಯಾವಾಗ್ ಕೂಗಿದ್ರೂ ಮಗ್ಗ ಓಡ್ತಾನೇ ಇರ್ತದೆ," ಎಂದರು.

ಆ ಮಾತು ನನ್ನನ್ನು ನಿಂತಲ್ಲೇ ಹಿಡಿಯಿತು. ಯಾವಾಗ ಕೂಗಿದರೂ? ಅಂದರೆ ಮೊದಲೂ ಕೂಗಿದ್ದರೇ? ಯಾವತ್ತು, ಯಾತಕ್ಕೆ? ಕೇಳಬೇಕೆನಿಸಿತು, ಕೇಳಲಿಲ್ಲ. ಬದಲಿಗೆ ಮೆಣಸಿನಕಾಯಿ ಹಾಳಾಯಿತಲ್ಲ ಎಂದು ನನ್ನ ಮೇಲೇ ರೇಗಿಕೊಂಡು ಮೆಷಿನ್ನಿಗೆ ಬೈದೆ, ಪ್ಲಂಬರಿಗೆ ಬೈದೆ, ಮೇಸ್ತ್ರಿಗೆ ಬೈದೆ. ಮೇಸ್ತ್ರಿ ಸತ್ತು ಎಷ್ಟೋ ಕಾಲವಾಗಿದೆ.

"ಮೆಣಸಿನಕಾಯಿ ತೊಳ್ದು ಮತ್ತೆ ಒಣಗಿಸ್ತೀನಿ ಬಿಡಿ. ಮೊದ್ಲು ಚಪ್ಪಡಿ ಎತ್ತಿ. ಮುಂದಿನ ಬಾಗ್ಲಿಂದ ಬನ್ನಿ," ಎಂದರು.

ಡಬ್ಬಿಯ ಯೋಚನೆ ಬಂತು. ಆದರೆ ಒಂದು ಕೈಯಲ್ಲಿ ಹಾರೆ, ಇನ್ನೊಂದು ಕೈಯಲ್ಲಿ ಕೊಕ್ಕೆ ಮಾಡಿದ ತಂತಿ. ಕಾಲೆಲ್ಲ ನೊರೆ. ಹಾಗೇ ಹೋದೆ. ಗೋಡೆಗೆ ಗೋಡೆ ಅಂಟಿಸಿಕೊಂಡು ಬಾಳಿದ ಮನೆಯ ಒಳಗೆ ನಾನು ಕಾಲಿಟ್ಟದ್ದು ಆವತ್ತೇ ಮೊದಲು. ನಮ್ಮ ಮನೆಯದೇ ಅಳತೆ, ನಮ್ಮದೇ ಕಿಟಕಿ. ನಮ್ಮಲ್ಲಿ ಮಗ್ಗ ಇರುವ ಜಾಗದಲ್ಲಿ ಅವರು ಮಂಚ ಹಾಕಿದ್ದರು.

ಚಪ್ಪಡಿ ಸುಲಭಕ್ಕೆ ಏಳಲಿಲ್ಲ. ಎದ್ದಾಗ ವಾಸನೆಯೂ ಎದ್ದಿತು. ಮಂಡಿಯೂರಿ ನಮ್ಮ ಕಡೆಯ ಪೈಪಿನ ಬಾಯಿಗೆ ತಂತಿ ತೂರಿಸಿದೆ. ಆಕೆ ಪಕ್ಕದಲ್ಲಿ ನಿಂತು ಮೊಬೈಲಿನ ಬೆಳಕು ಹಿಡಿದರು. ಕೊಕ್ಕೆ ಯಾವುದಕ್ಕೋ ಸಿಕ್ಕಿಕೊಂಡಿತು. ಎಳೆದೆ. ಬಂತು. ಇನ್ನೂ ಎಳೆದೆ, ಇನ್ನೂ ಬಂತು. ತೋಳು ದಪ್ಪದ ಒಂದು ಹಗ್ಗ, ತುದಿಯೇ ಇಲ್ಲ ಎನ್ನುವ ಹಾಗೆ ಬರುತ್ತಲೇ ಇತ್ತು. ಕೊನೆಯ ಭಾಗ ಕಳಚಿದಾಗ ಪೈಪು ಒಮ್ಮೆ ಬಿಕ್ಕಿ, ಅದರ ಹಿಂದೆಯೇ ತಡೆದು ನಿಂತಿದ್ದ ನೀರೆಲ್ಲ ಭೋರೆಂದು ಚೇಂಬರಿಗೆ ಬಿತ್ತು.

ಹಗ್ಗವನ್ನು ನೆಲದ ಮೇಲೆ ಹಾಕಿದೆ. ಆಕೆ ಒಂದು ಚೊಂಬು ನೀರು ಸುರಿದರು. ಕಪ್ಪು ಕೊಚ್ಚಿಹೋಗಿ ಬಣ್ಣ ಕಂಡಿತು. ಎಲ್ಲ ನೂಲು. ನನ್ನ ಮೈಗೆ ಅಂಟಿಸಿಕೊಂಡ ತುಂಡು ಎಳೆಗಳು, ಹೊಸೆದು ಹೊಸೆದು ಒಂದಾಗಿದ್ದವು. ಪೈಪಿನ ಒಳಗಿದ್ದ ತುದಿಯಲ್ಲಿ ಈಗ ನೇಯುತ್ತಿರುವ ಈರುಳ್ಳಿ ಬಣ್ಣ. ಅದರ ಹಿಂದೆ ಶ್ರಾವಣಕ್ಕೆ ಮುಂಚೆ ನೇಯ್ದ ಕುಂಕುಮದ ಬಣ್ಣ. ಅದಕ್ಕೂ ಹಿಂದೆ ಯುಗಾದಿಯ ಹೊತ್ತಿನ ಗಿಳಿಹಸಿರು, ಅದರ ಹಿಂದೆ ಚಳಿಗಾಲದ ನೀಲಿ. ಯಾವ ತಿಂಗಳಲ್ಲಿ ಯಾವ ಸೀರೆ ಎಂದು ನನಗೆ ಕಣ್ಣು ಮುಚ್ಚಿ ಹೇಳಲು ಬರುತ್ತದೆ. ಆ ತಿಂಗಳಲ್ಲಿ ಯಾರ ಜೊತೆ ಮಾತಾಡಿದೆ ಎಂದು ಯೋಚಿಸಿದೆ. ನೀಲಿಗೆ ಯಾರೂ ನೆನಪಾಗಲಿಲ್ಲ. ಗಿಳಿಹಸಿರಿಗೂ ಯಾರೂ ಇರಲಿಲ್ಲ. ಅವಳು ಹೋದ ಮೇಲಿನ ನನ್ನ ಬದುಕೆಲ್ಲ ಅಲ್ಲಿ ನೆಲದ ಮೇಲೆ ಒದ್ದೆಯಾಗಿ ಬಿದ್ದಿತ್ತು, ಅದರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲ.

"ಇಷ್ಟೊಂದು ದಾರ ಒಳಗೆ ಹೆಂಗ್ ಹೋಯ್ತು ಅಣ್ಣ? ಅಕ್ಕ ಪೈಪಿಗೆ ಸಾಕ್ಸ್ ಕಟ್ಟಿದ್ರಲ್ಲಾ?"

ನಾನು ತಲೆಯೆತ್ತಿದೆ. "ಆ ಸಾಕ್ಸ್ ನಿಮಗೆ ಹೆಂಗಮ್ಮ ಗೊತ್ತು?"

"ನಮ್ದೇ ಅಲ್ವಾ. ನಮ್ಮ ಹುಡುಗಿದು, ಸ್ಕೂಲ್ ಸಾಕ್ಸ್. ಹಳೇದಾದ್ರೆ ಅಕ್ಕನಿಗೇ ಕೊಡ್ತಿದ್ದೆ. ಅಕ್ಕಾನೇ, ನಮ್ಮನೆಯವ್ರ ಬನಿಯನ್ ದಾರ ಎಲ್ಲಾ ಇದ್ರಲ್ಲೇ ಸಿಕ್ಕೊಳ್ತದೆ, ವಾರಕ್ಕೊಂದ್ಸಲ ಕೊಡವಿದ್ರೆ ಸಾಕು ಅಂತಿದ್ರು. ಇನ್ನೂ ಎರಡು ಜೊತೆ ಅಕ್ಕನಿಗೆ ಅಂತ ಎತ್ತಿಟ್ಟಿದೀನಿ. ಕೊಡೋದಕ್ಕೆ ಆಗ್ಲಿಲ್ಲ."

ಸತ್ತ ಹೆಗ್ಗಣದಂತೆ ಕಂಡಿದ್ದು ಅದು. ನಮ್ಮ ಮನೆಯ ಬಚ್ಚಲು ಹೇಗೆ ನಡೆಯುತ್ತಿತ್ತು ಎಂಬುದು ನನಗೆ ಗೊತ್ತಿಲ್ಲ, ಪಕ್ಕದ ಮನೆಗೆ ಗೊತ್ತು. ನಾನು ಚಪ್ಪಡಿ ಮುಚ್ಚಿ, ನಲ್ಲಿಯಲ್ಲಿ ಕೈ ತೊಳೆಯುತ್ತಾ ನಿಂತೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಆಕೆ ಮೆಲ್ಲಗೆ ಕೇಳಿದರು. "ಡಬ್ಬಿ ನಿಮ್ಮ ಹತ್ರಾನೇ ಇದೆ ಅಲ್ವಾ ಅಣ್ಣ?"

ಇಷ್ಟು ಕಾಲ ಹೆದರಿದ್ದ ಪ್ರಶ್ನೆ. ಹೆದರಿದಾಗ ನನಗೆ ಬರುವುದು ಸಿಟ್ಟು. "ಇದೆ. ಖಾಲಿ ಹೆಂಗಮ್ಮ ಕೊಡ್ಲಿ? ಮನೇಲಿ ಮಾಡೋರು ಯಾರಿದಾರೆ?" ಎಂದುಬಿಟ್ಟೆ. ಮಗ್ಗ ನಿಂತಿದ್ದ ಬೀದಿಯಲ್ಲಿ ನನ್ನ ದನಿ ನಾಲ್ಕು ಮನೆಗೆ ಕೇಳಿಸಿರಬೇಕು.

ಆಕೆ ಬೇಜಾರು ಮಾಡಿಕೊಳ್ಳಲಿಲ್ಲ. ಕೈಯಲ್ಲಿದ್ದ ಚೊಂಬನ್ನು ಕೆಳಗಿಟ್ಟರು. "ನೀವು ಅದಕ್ಕೇ ಕೊಟ್ಟಿಲ್ವಾ? ನಾನೇನೋ ಅಂದ್ಕೊಂಡಿದ್ದೆ, ಅಕ್ಕ ಹೋದ್ರಲ್ಲ, ಇನ್ಮೇಲೆ ನಮ್ಮನೇದು ಬೇಡ್ವೇನೋ ಅಂತ. ನಿಮ್ಮನೆಗೆ ಅಂತ ಇಟ್ಟಿದ್ದು ಅದೊಂದೇ ಡಬ್ಬಿ ಅಣ್ಣ. ಅದ್ರಲ್ಲಿ ನಾವು ಮಾಂಸದ್ದು ಯಾವತ್ತೂ ಹಾಕಿಲ್ಲ. ಬೇರೆ ಡಬ್ಬೀಲಿ ಕಳ್ಸಲ್ಲ ಅಂತ ಅಕ್ಕಂಗೆ ನಾನೇ ಮಾತು ಕೊಟ್ಟಿದ್ದೆ. ರಂಜಾನ್ ದಿನ ಪಾಯ್ಸ ಮಾಡಿಟ್ಕೊಂಡು ಗೋಡೆ ಹತ್ರ ಬಂದು ಕೂಗ್ದೆ, ಡಬ್ಬಿ ಕೊಡಿ ಅಣ್ಣ ಅಂತ. ಮಗ್ಗ ಓಡ್ತಿತ್ತು."

"ಹೊಸ ಡಬ್ಬೀಲಿ ಕಳ್ಸಬೋದಿತ್ತಲ್ಲಮ್ಮ," ಎಂದೆ. ದನಿ ಆಗಲೇ ಇಳಿದಿತ್ತು.

"ಹೊಸದ್ರಲ್ಲಿ ಕಳ್ಸಿದ್ರೆ ಹಳೇದು ಇನ್ನೂ ಕೊಟ್ಟಿಲ್ಲ ಅಂತ ಚುಚ್ಚಿದ ಹಾಗೆ ಆಗಲ್ವಾ?"

ಅವರ ಜಾಗದಲ್ಲಿ ನನ್ನ ಹೆಂಡತಿ ಇದ್ದಿದ್ದರೂ ಅದನ್ನೇ ಹೇಳುತ್ತಿದ್ದಳು. ಗೋಡೆಯ ಈಚೆ ನಾನು ತುಂಬಿ ಕೊಡಬೇಕೆಂದು ಕಾದೆ, ಆಚೆ ಅವರು ಡಬ್ಬಿ ಬರಲೆಂದು ಕಾದರು.

"ಅವಳು ಹಬ್ಬದಲ್ಲಿ ಹೋಳಿಗೆ ಹಾಕಿ ಕೊಡ್ತಿದ್ಲು. ನಂಗೆ ಅದೆಲ್ಲ ಬರಲ್ಲ," ಎಂದೆ.

ಆಕೆ ನಕ್ಕರು. ನಗುತ್ತಲೇ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡರು. "ಹಬ್ಬದಲ್ಲಿ ಹೋಳಿಗೆ. ಮಿಕ್ಕ ದಿನ ಒಂದು ಹಿಡಿ ಸಕ್ಕರೆ ಅಣ್ಣ. ಏನೂ ಮಾಡಿಲ್ಲ ಕಣೇ, ತಗೋ ಅಂತ ಸಕ್ಕರೆ ಹಾಕಿ ಕೊಟ್ಬಿಡೋರು. ಎಷ್ಟೋ ಸಲ."

ಒಂದು ಹಿಡಿ ಸಕ್ಕರೆ. ಅದು ಅಂಗಡಿಯದಲ್ಲವೇ, ಕಾನೂನು ಎಲ್ಲಿ ಹೋಯಿತು ಎಂದು ಅವಳನ್ನೇ ಕೇಳಿ ಜಗಳ ತೆಗೆಯಬೇಕೆನಿಸಿತು. ಆ ಜಗಳಕ್ಕೆ ಅವಳಿರಬೇಕಿತ್ತು. ಹಣೆಗೆ ಕೈ ಹಚ್ಚಿಕೊಳ್ಳುತ್ತಿದ್ದಳು.

ಮನೆಗೆ ಬಂದೆ. ಒದ್ದೆ ನೆಲ ದಾಟಿ ಅಡುಗೆಮನೆಗೆ ಹೋಗಿ ಡಬ್ಬಿ ಇಳಿಸಿದೆ. ಸಕ್ಕರೆ ಡಬ್ಬ ಬಗ್ಗಿಸಿ ಅದರಿಂದ ಹಿಡಿಗಟ್ಟಲೆ ಹಾಕಿದೆ, ಬಡ್ಡಿ ಕೊಡುವವನ ಹಾಗೆ. ಹಿತ್ತಲ ಗೋಡೆಯ ಮೇಲೆ ಇಟ್ಟು, "ತಗೊಳ್ಳಮ್ಮ" ಎಂದೆ. ಆಕೆ ಮುಚ್ಚಳ ತೆಗೆದು ರೂಢಿಯಂತೆ ಇಣುಕಿ ನೋಡಿದರು. "ಸಂಜೆ ಕೊಡ್ತೀನಿ," ಎಂದು ಒಳಗೆ ತೆಗೆದುಕೊಂಡು ಹೋದರು.

ಮಧ್ಯಾಹ್ನ ಕರೆಂಟ್ ಬಂತು. ಬೀದಿಯ ಮಗ್ಗಗಳೆಲ್ಲ ಒಂದೊಂದಾಗಿ ಶುರುವಾದವು. ಮೆಷಿನ್ನಿನಲ್ಲಿ ಹೊದಿಕೆ ಇನ್ನೂ ನೀರಿನಲ್ಲೇ ಇತ್ತು. ಗುಂಡಿ ಒತ್ತಿದೆ. ನೀರು ಬಿಟ್ಟಿತು, ಜಾಲರಿಯಲ್ಲಿ ಒಂದು ಸುತ್ತು ಸುತ್ತಿ ಸರ್ರನೆ ಇಳಿದುಹೋಯಿತು. ಹೊಸ್ತಿಲ ಮೇಲೆ ಕೂತು ಕಾಯುವ ಕೆಲಸ ಇನ್ನಿರಲಿಲ್ಲ. ಆದರೂ ಕೂತೆ. ಮುಗಿದ ಮೇಲೆ ಹೊದಿಕೆ ಹರವಿ ಬಂದು, ಮಗ್ಗದ ಮುಂದೆ ನಿಂತು ಸ್ವಿಚ್ಚಿನ ಮೇಲೆ ಕೈಯಿಟ್ಟೆ. ಹಾಕಲಿಲ್ಲ. ಸೀರೆ ತಡವಾಗುತ್ತದೆಂದು ಗೊತ್ತಿತ್ತು. ಆದರೂ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕೂತೆ, ಯಾರಾದರೂ ಕೂಗಿದರೆ ಕೇಳಿಸಲಿ ಎಂದು.

ಹೊತ್ತು ಇಳಿಯುವಾಗ "ಅಣ್ಣಾ" ಎಂದರು. ಮೊದಲ ಸಲಕ್ಕೇ ಎದ್ದೆ. ಗೋಡೆಯ ಮೇಲೆ ಡಬ್ಬಿ ಬಿಸಿಯಾಗಿತ್ತು. ಮುಚ್ಚಳದ ಮೇಲೆ ಒಗೆದು ಮಡಿಸಿದ ಒಂದು ಜೊತೆ ಕಾಲುಚೀಲ, ನೀಲಿ ಬಣ್ಣದ್ದು. ಒಂದನ್ನು ಪೈಪಿಗೆ ಕಟ್ಟಿ, ಇನ್ನೊಂದನ್ನು ಮೆಷಿನ್ನಿನ ಮೇಲಿಟ್ಟೆ. ಒಳಗಿದ್ದದ್ದು ಟೊಮೇಟೊ ಬಾತ್. ಈ ಸಲ ಅಳಲಿಲ್ಲ. ಮಗ್ಗದ ಪಕ್ಕ ಕೂತು ತಿನ್ನುತ್ತಾ ಅಡುಗೆಮನೆಯ ಬಾಗಿಲ ಕಡೆ ತಿರುಗಿ, ಅಂಗೈಯನ್ನು ಬಾಯಿಗೆ ತಂದು ತೋರಿಸಿದೆ. ಉಣ್ಣುತ್ತಿದ್ದೇನೆ ಎಂದು. ಬಾಗಿಲು ಖಾಲಿ ಇತ್ತು.

ಬೆಳಿಗ್ಗೆ ಕಾಫಿಗೆ ಇಟ್ಟು ಸಕ್ಕರೆ ಡಬ್ಬ ತೆರೆದೆ. ಹಿಂದಿನ ದಿನ ಬಡ್ಡಿ ಸಮೇತ ಸುರಿದುಬಿಟ್ಟಿದ್ದೆನಲ್ಲ, ತಳದಲ್ಲಿ ಒಂದು ಹಿಡಿ ಮಾತ್ರ ಉಳಿದಿತ್ತು. ಪಕ್ಕದಲ್ಲಿ ಅವರ ಡಬ್ಬಿ ತೊಳೆದು ಬೋರಲು ಹಾಕಿತ್ತು. ಆ ಒಂದು ಹಿಡಿಯನ್ನು ಅದಕ್ಕೆಂದು ಬಿಟ್ಟು, ಸಕ್ಕರೆ ಡಬ್ಬದ ಮುಚ್ಚಳ ಮುಚ್ಚಿ, ಸಕ್ಕರೆಯಿಲ್ಲದ ಕಾಫಿ ಕುಡಿದೆ.